ನಾಲ್ಕು ಜನರ ಮನೆಗೊಂದು ಲೆಕ್ಕದ ಕಮಿಟಿ

ನಮ್ಮ ಮನೆಯಲ್ಲಿ ಲೆಕ್ಕಪತ್ರ ಸಮಿತಿ ಹುಟ್ಟಿಕೊಂಡದ್ದು ಒಂದು ಟೇಪ್ ರೆಕಾರ್ಡರ್ ದೆಸೆಯಿಂದ. ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನ್ಯೂ ಟೌನಿನ ಕ್ವಾರ್ಟರ್ಸ್‌ನಲ್ಲಿ ನಾವು ನಾಲ್ಕು ಜನ: ಅಪ್ಪ, ಅಮ್ಮ, ಅಪ್ಪನ ತಾಯಿ, ನಾನು. ತೊಂಬತ್ತರ ದಶಕದ ಒಂದು ಸಂಬಳದ ದಿನ ಅಪ್ಪ ಯಾರನ್ನೂ ಕೇಳದೆ ಎರಡು ಸ್ಪೀಕರಿನ ಟೇಪ್ ರೆಕಾರ್ಡರನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಬಂದರು. ಅಮ್ಮ ಮಾತು ಬಿಟ್ಟಳು. ಅಜ್ಜಿ ಮಾತು ಶುರು ಮಾಡಿದಳು. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಅಂತ ಅಪ್ಪನಿಗೇ ಗೊತ್ತಾಗಲಿಲ್ಲ.

"ಎರಡು ಬಾಯಿ ಇರೋದ್ ತಂದಿದಾನೆ ನೋಡು. ಮನೇಲಿ ಇರೋ ಬಾಯಿ ಸಾಲ್ದಿತ್ತಾ ಮಾರಾಯ?" ಎಂದಳು ಅಜ್ಜಿ.

ಆಗ ನಾನು ಶಿವಮೊಗ್ಗದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಕ್ಲಾಸಿನಲ್ಲಿ ಕೇಳಿದ್ದನ್ನು ಊಟಕ್ಕೆ ಕೂತಾಗ ಒದರದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆ ವಾರ ರಾಜ್ಯಶಾಸ್ತ್ರದ ಮೇಷ್ಟ್ರು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಪಾಠ ಮಾಡಿದ್ದರು. ಸರ್ಕಾರ ಖರ್ಚು ಮಾಡಿದ ದುಡ್ಡು ಹೇಳಿದ ಕೆಲಸಕ್ಕೇ ಹೋಯಿತೋ, ಹೋಗಿದ್ದರಿಂದ ಏನಾದರೂ ಉಪಯೋಗ ಆಯಿತೋ ಎಂದು ವಿಚಾರಿಸುವ ಸಮಿತಿ ಅದು. ಅಪ್ಪ ತಟ್ಟೆಯಿಂದ ತಲೆ ಎತ್ತಿದರು. ಅದೇ ಸುಮಾರಿಗೆ ದೆಹಲಿಯಲ್ಲಿ ಇಲಾಖೆಗಳನ್ನು ವಿಚಾರಿಸಲು ಹೊಸ ಹೊಸ ಸಮಿತಿಗಳನ್ನು ಮಾಡಿದ್ದರು. ದಿನಾ ರೇಡಿಯೋ ವಾರ್ತೆ ಕೇಳುತ್ತಿದ್ದ ಅಪ್ಪನಿಗೆ ಆ ಸುದ್ದಿಯೆಲ್ಲ ಬಾಯಿಪಾಠ. "ನಮ್ಮನೇಗೂ ಒಂದು ಮಾಡೋಣ. ದಿನಾ ಬೈಸ್ಕೊಳೋ ಬದ್ಲು ತಿಂಗಳಿಗೊಂದ್ಸಲ ಒಟ್ಟಿಗೆ ಬೈಸ್ಕೊತೀನಿ" ಎಂದರು.

ಲೆಕ್ಕಪತ್ರ ಸಮಿತಿಯ ಅಧ್ಯಕ್ಷರನ್ನು ವಿರೋಧ ಪಕ್ಷದಿಂದ ಆರಿಸುವುದು ಸಂಸತ್ತಿನ ಸಂಪ್ರದಾಯ. ನಾನು ಹಾಗೆಂದದ್ದೇ ತಡ, ಮೂವರೂ ಅಜ್ಜಿಯ ಕಡೆ ತಿರುಗಿದೆವು. ನಮ್ಮ ಮನೆಯಲ್ಲಿ ಚುನಾವಣೆ ನಡೆಸುವ ಅಗತ್ಯವೇ ಇರಲಿಲ್ಲ. ಬೆಳಗ್ಗೆ ಎದ್ದು ಹಣೆಗೆ ವಿಭೂತಿ ಹಚ್ಚಿಕೊಂಡ ಗಳಿಗೆಯಿಂದ ಅಜ್ಜಿ ಎಲ್ಲವನ್ನೂ ವಿರೋಧಿಸುತ್ತಿದ್ದಳು. ಕಾಫಿ ಬಿಸಿಯಾಯಿತು, ಫ್ಯಾನು ಜೋರಾಯಿತು, ನನ್ನ ಬಳೆಯ ಸದ್ದು ಹೆಚ್ಚಾಯಿತು. ಅಂಥವಳಿಗೆ ಅಧಿಕಾರವನ್ನೇ ಕೊಟ್ಟುಬಿಟ್ಟೆವಲ್ಲ!

ಇನ್ನೊಂದು ನಿಯಮವಿತ್ತು. ಈ ಸಮಿತಿ ಮಂತ್ರಿಗಳನ್ನು ಕರೆಸಿ ಪ್ರಶ್ನೆ ಕೇಳುವುದಿಲ್ಲ, ಇಲಾಖೆಯ ಅಧಿಕಾರಿಗಳನ್ನು ಕರೆಸುತ್ತದೆ. ಅಂದರೆ ಸರ್ಕಾರವಾಗಿದ್ದ ಅಪ್ಪ ಹಾಯಾಗಿ ಬಾಗಿಲ ಹತ್ತಿರ ಕೂರಬಹುದು, ಉತ್ತರ ಹೇಳಬೇಕಾದವಳು ಅಮ್ಮ. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಟೇಪ್ ರೆಕಾರ್ಡರ್ ತರೋದು ಇವ್ರು, ಉತ್ರ ಕೊಡೋದು ನಾನಾ? ಯಾವ ಊರಿನ ನ್ಯಾಯ ಇದು?"

"ದಿಲ್ಲೀಲೂ ಹಿಂಗೇ ಅಮ್ಮ" ಎಂದೆ.

"ಅದಕ್ಕೇ ದೇಶ ಹಿಂಗಿರೋದು" ಎಂದಳು ಅಮ್ಮ. ಆದರೂ ಕೈ ಒರೆಸಿಕೊಂಡು ಬಂದು ಕೂತಳು.

ಸಂಬಳ ಬಂದ ಮೇಲಿನ ಭಾನುವಾರ ಮಧ್ಯಾಹ್ನ ಸಭೆ. ಮಧ್ಯದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಗೋಡೆಗೆ ಒರಗಿ ಅಧ್ಯಕ್ಷೆ, ಎದುರಿಗೆ ಅಧಿಕಾರಿ, ಪಕ್ಕದಲ್ಲಿ ಸಮಿತಿಯ ಏಕೈಕ ಸದಸ್ಯೆಯೂ ನಿಯಮ ಹೇಳುವವಳೂ ಆದ ನಾನು. ಮೊದಲ ಸಭೆಯಲ್ಲೇ ಅಜ್ಜಿ ಬರುವ ತಿಂಗಳಿಂದ ಸೋಪು ಒಂದೇ ಸಾಕು, ಇವಳಿಗೆ ಹೊಸ ಚಪ್ಪಲಿ ಬೇಡ ಎಂದು ಆಜ್ಞೆ ಹೊರಡಿಸತೊಡಗಿದಳು. ನನ್ನ ಚಪ್ಪಲಿಯ ಮಾತು ಬಂದದ್ದರಿಂದ ನಾನು ತಕ್ಷಣ ಪುಸ್ತಕ ತೆಗೆದೆ. ಈ ಸಮಿತಿ ಆಗಿಹೋದ ಖರ್ಚನ್ನು ಮಾತ್ರ ವಿಚಾರಿಸಬಹುದು, ಮುಂದೆ ಮಾಡುವ ಖರ್ಚನ್ನು ತಡೆಯುವುದು ಅದರ ಕೆಲಸವಲ್ಲ ಎಂದೆ.

"ಆಗಿದ್ದು ಆದ್ಮೇಲೆ ಕೇಳಿ ಏನ್ ಬಂತೇ? ತಾಳಿ ಕಟ್ಟಿದ್ಮೇಲೆ ಗಂಡು ಹೆಂಗೆ ಅಂತ ವಿಚಾರಿಸ್ದಂಗಾಯ್ತು" ಎಂದು ಅಜ್ಜಿ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡಲು ಹೊರಟಳು. ಬಜ್ಜಿ ಕೊಟ್ಟು ಕೂರಿಸಿದೆವು.

ಆದರೆ ಬರಬರುತ್ತಾ ಆ ಸಭೆ ನಮ್ಮೆಲ್ಲರಿಗೂ ಬೇಕಾಯಿತು. ಸಮಿತಿಯೊಳಗೆ ಬಂದರೆ ಪಕ್ಷವನ್ನು ಹೊರಗೆ ಬಿಟ್ಟು ಬರಬೇಕು ಎಂದು ನಾನು ಹೇಳಿದ್ದನ್ನು ಅತ್ತೆ ಸೊಸೆ ಇಬ್ಬರೂ ಗಂಭೀರವಾಗಿ ತೆಗೆದುಕೊಂಡಿದ್ದರು. ವಾರವೆಲ್ಲ ಒಲೆಯ ಮುಂದೆ ಕಿತ್ತಾಡಿದವರು ಅಲ್ಲಿ ನೀವು, ತಾವು ಎನ್ನುತ್ತಿದ್ದರು. "ಅಧಿಕಾರಿಗಳು ಹೇಳಿದ್ದು ಸರಿ ಇದೆ" ಎಂದು ಅಜ್ಜಿ ಒಂದು ಸಲ ಅಂದಾಗ ಅಮ್ಮನ ಮುಖ ಅರಳಿದ್ದು ನನಗೆ ನೆನಪಿದೆ. ಮದುವೆಯಾದಾಗಿನಿಂದ ಅಮ್ಮ ಅತ್ತೆಯ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲವಂತೆ.

ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ನಮಗೆ ಗೊತ್ತಾದದ್ದು ತಡವಾಗಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟು ವರ್ಷದಿಂದಲೋ, ಆಕೆ ಹೇಳಿದವಳಲ್ಲ. ಹೆಜ್ಜೆಯ ಸದ್ದಿನಲ್ಲಿ, ಬಳೆಯ ಸದ್ದಿನಲ್ಲಿ ಯಾರು ಏನೆಂದು ತಿಳಿದುಕೊಂಡು ಬೈಗುಳವನ್ನು ಸರಿಯಾದ ವಿಳಾಸಕ್ಕೇ ಕಳಿಸುತ್ತಿದ್ದಳು. ನಮಗೆ ಅನುಮಾನವೇ ಬರಲಿಲ್ಲ. ಒಂದು ದಿನ ಹಿತ್ತಲಲ್ಲಿ ಅಪ್ಪನ ಖಾಕಿ ಅಂಗಿಯನ್ನು ಒಣಹಾಕಿತ್ತು. ಅಜ್ಜಿ ಅದರ ಮುಂದೆ ನಿಂತು, "ಬಂದ್ಯಾ ಮಗಾ? ಕೈಕಾಲು ತೊಳ್ಕೊ, ಊಟ ಮಾಡುವೆಯಂತೆ" ಎಂದಳು. ಅಂಗಿ ಗಾಳಿಗೆ ಅಲ್ಲಾಡಿತು. "ಮಾತಾಡಕ್ಕಾಗಲ್ವಾ ನಿಂಗೆ?" ಎಂದು ರೇಗಿದಳು. ನಾನು ಬಟ್ಟೆ ತೆಗೆಯಲು ಬಂದವಳು ಬಾಗಿಲಲ್ಲೇ ನಿಂತೆ. ನನಗೆ ಅಳು ಬಂತು.

ಶಿವಮೊಗ್ಗದ ಕಣ್ಣಿನ ಡಾಕ್ಟರು ನೋಡಿ ಆಪರೇಷನ್ ಮಾಡಿಸಲೇಬೇಕು, ಬಿಟ್ಟರೆ ಪೂರ್ತಿ ಹೋಗುತ್ತದೆ ಎಂದರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಅಪ್ಪ ಒಪ್ಪಿದರು, ಅಮ್ಮ ಒಪ್ಪಿದಳು. ಅಜ್ಜಿ ಒಪ್ಪಲಿಲ್ಲ.

"ಈ ವಯಸ್ನಲ್ಲಿ ನಂಗ್ಯಾಕೆ ಕಣ್ಣು? ನೋಡಬೇಕಾಗಿದ್ದು ನೋಡಿ ಆಯ್ತು. ಈ ಖರ್ಚಿಗೆ ಕಮಿಟಿ ಒಪ್ಪಲ್ಲ" ಎಂದಳು. ಅಪ್ಪ ಬೇಡಿಕೊಂಡರು, ರೇಗಿದರು, ಒಂದು ಹೊತ್ತು ಊಟ ಬಿಟ್ಟರು. ಅಜ್ಜಿ ಜಗ್ಗಲಿಲ್ಲ. ಯಾವ ಮಾತು ತೆಗೆದರೂ ಕಮಿಟಿ ಒಪ್ಪಲ್ಲ, ಕಮಿಟಿ ಒಪ್ಪಲ್ಲ.

ನನಗೆ ರೇಗಿಹೋಯಿತು. ಹಿತ್ತಲಲ್ಲಿ ಬಿಸಿಲು ಕಾಯುತ್ತಾ ಕೂತಿದ್ದವಳ ಪಕ್ಕ ಹೋಗಿ ಕೂತು, "ಕಮಿಟಿ ಹೆಸರು ಹೇಳ್ಬೇಡ ಅಜ್ಜಿ, ನಿಜ ಹೇಳು" ಎಂದೆ. ಅಜ್ಜಿ ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಹೆದ್ರಿಕೆ ಕಣೇ. ನಮ್ಮಕ್ಕಂಗೆ ಹಿಂಗೇ ಆಪರೇಷನ್ ಮಾಡ್ಸಿದ್ರು. ಹತ್ತಿ ತೆಗೆದ್ರೆ ಕತ್ಲೆ. ಸಾಯೋವರೆಗೂ ಕತ್ಲೇಲೇ ಇದ್ಲು. ನಂಗೀಗ ಮಬ್ಬು ಮಬ್ಬಾಗಾದ್ರೂ ನೀವೆಲ್ಲ ಓಡಾಡೋದು ಕಾಣುತ್ತೆ. ಅದೂ ಹೋದ್ರೆ?"

ನನ್ನ ಕೋಪವೆಲ್ಲ ಇಳಿದುಹೋಯಿತು. ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದವರು ಹಾಗೆಯೇ ಕೂತರು. ಆಮೇಲೆ ಕೇಳಿದರು: "ಕಮಿಟಿ ಮುಂದಿನ ಖರ್ಚು ತಡೀಬಹುದಾ?"

"ಇಲ್ಲ. ಆಗಿದ್ದನ್ನ ಮಾತ್ರ ಕೇಳ್ಬಹುದು."

"ಆಗಿದ್ದು ದಂಡ ಆದ್ರೆ?"

"ಯಾರಿಂದ ದಂಡ ಆಯ್ತು ಅಂತ ಕಂಡುಹಿಡೀಬೇಕು."

ಅಪ್ಪ ಕೈ ಒರೆಸಿಕೊಂಡು ಎದ್ದರು. ಮಾರನೆಯ ದಿನ ರಜೆ ಹಾಕಿ ಶಿವಮೊಗ್ಗಕ್ಕೆ ಹೋಗಿ ಆಪರೇಷನ್ನಿನ ದುಡ್ಡು ಪೂರ್ತಿ ಕಟ್ಟಿ ಬಂದರು. ಆ ಭಾನುವಾರ ಅದು ಸಮಿತಿಯ ಮುಂದೆ ಬಂತು. ಸಭೆಗೆ ಮಂಡಕ್ಕಿ ಇತ್ತು, ಬಜ್ಜಿ ಇರಲಿಲ್ಲ. ಅಮ್ಮನಿಗೆ ಕರಿಯುವ ಮನಸ್ಸೇ ಇರಲಿಲ್ಲ.

ಆಪರೇಷನ್ನಿಗೆ ದುಡ್ಡು ಕಟ್ಟಿಯಾಗಿದೆ ಎಂದು ನಾನು ಹೇಳಿದೆ. ಅಜ್ಜಿ ನೆಟ್ಟಗೆ ಕೂತಳು.

"ಯಾರನ್ ಕೇಳಿ ಕಟ್ಟಿದ್ರಿ?" ಎಂದು ಅಮ್ಮನಿಗೆ ಪ್ರಶ್ನೆ ಹಾಕಿದಳು. ಸಭೆಯ ಮರ್ಯಾದೆ ಆಗಲೂ ತಪ್ಪಿರಲಿಲ್ಲ.

"ಖರ್ಚು ಆಗಿಹೋಗಿದೆ, ಅಧ್ಯಕ್ಷರೆ. ಉಪಯೋಗ ಆಯ್ತಾ ಇಲ್ವಾ ಅಂತ ತಾವು ಕೇಳ್ಬೇಕು."

"ನಾನು ಹೋಗ್ದೇ ಇದ್ರೆ?"

ಅಮ್ಮ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನೀವು ಹೋದ್ರೆ ಅದು ಖರ್ಚು ಅತ್ತೆ. ಹೋಗ್ದೇ ಇದ್ರೆ ನಷ್ಟ. ಆ ನಷ್ಟಕ್ಕೆ ಯಾರು ಕಾರಣ ಅಂತ ಬರ್ಕೊಳ್ಲಿ?"

ದಂಡದ ಖರ್ಚೆಂದರೆ ಅಜ್ಜಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ದಂಡವನ್ನು ತನ್ನ ತಲೆಗೇ ಕಟ್ಟಿದ್ದರು. ಸಿಕ್ಕಿಬಿದ್ದೆ ಎಂದು ಆಕೆಗೆ ಗೊತ್ತಾಯಿತು. ಆದರೆ ಮುಖದಲ್ಲಿ ಸೋತ ಸಿಟ್ಟಿರಲಿಲ್ಲ, ಭಯವಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನಮ್ಮ ಯುಕ್ತಿ ಗೆದ್ದಿತೆಂದು ನನಗೆ ಸ್ವಲ್ಪವೂ ಖುಷಿಯಾಗಲಿಲ್ಲ.

ಆಗ ಬಾಗಿಲ ಹತ್ತಿರ ಕೂತಿದ್ದ ಅಪ್ಪ ಎದ್ದು ಬಂದರು. ಸಮಿತಿಯಲ್ಲಿ ಸರ್ಕಾರ ಬಾಯಿ ಬಿಡುವ ಹಾಗಿರಲಿಲ್ಲ. ನಾನೂ ತಡೆಯಲಿಲ್ಲ. ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು ಆಕೆಯ ಎರಡೂ ಕೈ ಹಿಡಿದುಕೊಂಡರು.

"ಅವ್ವ, ನಂಗೂ ಹೆದ್ರಿಕೆ ಆಗ್ತಿದೆ. ಇಬ್ರೂ ಹೆದರ್ಕೊಂಡೇ ಹೋಗಣ. ನಾನು ಬಾಗಿಲಲ್ಲೇ ಇರ್ತೀನಿ."

ಅಜ್ಜಿ ಅವರ ಕೈ ಬಿಡಿಸಿಕೊಳ್ಳಲಿಲ್ಲ. "ಬಾಗಿಲಲ್ಲಿ ಅಲ್ಲ, ಒಳಗೇ ಇರು" ಎಂದಳು. ಒಳಗೆ ಬಿಡುವುದಿಲ್ಲ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಮೊದಲ ಕಣ್ಣಿನ ಆಪರೇಷನ್ ಆಯಿತು. ಅಪ್ಪ ಹೇಳಿದಂತೆ ಬಾಗಿಲು ಬಿಟ್ಟು ಕದಲಲಿಲ್ಲ, ಟೀ ಕುಡಿಯಲೂ ಹೋಗಲಿಲ್ಲ. ಮನೆಗೆ ಬಂದ ಮೇಲೆ ಎಷ್ಟೋ ದಿನ ಕಣ್ಣಿಗೆ ಹಸಿರು ಬಟ್ಟೆ, ಆಮೇಲೆ ಕಪ್ಪು ಕನ್ನಡಕ. ಬಗ್ಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಒಲೆಯ ಹತ್ತಿರ ಹೋಗಬಾರದು. ಅಮ್ಮ ಹೊತ್ತು ಹೊತ್ತಿಗೆ ಔಷಧಿಯ ಹನಿ ಹಾಕುತ್ತಿದ್ದಳು. ಹಾಕುವಾಗಲೆಲ್ಲ ಅಜ್ಜಿ ಅಮ್ಮನ ಮೊಣಕೈ ಹಿಡಿದುಕೊಳ್ಳುತ್ತಿದ್ದಳು. ಏನಾದರೂ ಕಾಣುತ್ತಾ ಎಂದು ಕೇಳಿದರೆ, "ಕಪ್ಪು ಗಾಜಲ್ಲಿ ಏನ್ ಕಾಣುತ್ತೆ, ಎಲ್ಲ ಒಂದೇ ಬಣ್ಣ" ಎಂದು ಗದರುತ್ತಿದ್ದಳು. ಗದರುವುದು ಕಡಿಮೆಯಾಗಿಲ್ಲ ಎಂಬುದೇ ನಮಗೆ ಸಮಾಧಾನ.

ಕೊನೆಗೆ ಡಾಕ್ಟರು ನಂಬರು ಬರೆದುಕೊಟ್ಟ ಕನ್ನಡಕ ತಯಾರಾಯಿತು. ಅಪ್ಪನಿಗೆ ಫಸ್ಟ್ ಶಿಫ್ಟು. ನಾನೇ ಅಜ್ಜಿಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಂಗಡಿಯವನು ಕನ್ನಡಕ ಹಾಕಿದ ಮೇಲೆ ಅಜ್ಜಿ ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಬಸ್ಸು ಹತ್ತಿ ಕೂತು ಮಲವಗೊಪ್ಪ ದಾಟುವವರೆಗೂ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು.

"ಮೊಡವೆ ಎಷ್ಟಾಗಿವೆಯೇ ಮಾರಾಯ್ತಿ. ಮೂಗು ಮಾತ್ರ ನಿಮ್ಮಮ್ಮಂದೇ, ಏನೂ ಮಾಡಕ್ಕಾಗಲ್ಲ" ಎಂದಳು.

ಬಸ್ಸಿನಲ್ಲಿ ನಾನು ನಕ್ಕು ನಕ್ಕು ಅತ್ತೆ. ಪಕ್ಕದ ಸೀಟಿನವರು ಏನಾಯಿತಮ್ಮ ಎಂದು ಕೇಳಿದರು. ಕಣ್ಣು ಬಂತು ಎಂದೆ.

ಮನೆ ಮುಟ್ಟಿದ ಮೇಲೆ, ಈಗಲೇ ಕಮಿಟಿ ಸೇರಿಸಿ, ಈ ಖರ್ಚಿನ ವಿಚಾರಣೆ ಮುಗಿಸಿಬಿಡೋಣ ಎಂದು ಅಜ್ಜಿಯೇ ಅವಸರ ಮಾಡಿದಳು. ಅಮ್ಮ ಬಾಣಲೆ ಇಟ್ಟಳು. ಅಜ್ಜಿ ಗೋಡೆಗೆ ಒರಗಿ ಕೂತು, ಕನ್ನಡಕ ಸರಿಮಾಡಿಕೊಂಡು, ಆಪರೇಷನ್ನಿನ ಬಗ್ಗೆ ಅಮ್ಮನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅಪ್ಪ ಶಿಫ್ಟು ಮುಗಿಸಿ ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಟವೆಲ್ಲಿನಲ್ಲಿ ಮುಖ ಒರೆಸುತ್ತಾ ಒಳಗೆ ಬಂದು, "ಕಾಣುತ್ತಾ ಅವ್ವ?" ಎಂದು ಎದುರಿಗೆ ಕೂತರು.

ಅಜ್ಜಿ ನೋಡಿದಳು. ನೋಡುತ್ತಲೇ ಇದ್ದಳು. ನಮಗೆ ದಿನಾ ನೋಡುವ ಮುಖ, ಅದರಲ್ಲಿ ವಿಶೇಷ ಏನೂ ಇರಲಿಲ್ಲ. ಆಕೆ ಮಾತ್ರ ಮುಂದೆ ಬಾಗಿ ಅಪ್ಪನ ಕಿವಿಯ ಮೇಲಿನ ಕೂದಲನ್ನು ಬೆರಳಲ್ಲಿ ಎತ್ತಿದಳು, ಕಣ್ಣಿನ ಕೆಳಗಿನ ಗೆರೆ ಮುಟ್ಟಿದಳು.

"ಇದೇನೋ ಮಗಾ, ತಲೆಯೆಲ್ಲ ಬೆಳ್ಳಗಾಗಿದೆ?"

"ಆಗಿ ಸುಮಾರು ವರ್ಷ ಆಯ್ತಲ್ಲ ಅವ್ವ."

"ಯಾರೂ ಹೇಳ್ಲೇ ಇಲ್ಲ ನಂಗೆ" ಎಂದಳು.

ಅಮ್ಮ ಬಜ್ಜಿಯ ತಟ್ಟೆ ಹಿಡಿದು ನಿಂತೇ ಇದ್ದಳು. ನಾನು ಸಭೆ ಶುರುಮಾಡಲಾ ಎಂದು ಕೇಳಿದೆ. ಅಜ್ಜಿ ಬೇಡವೆಂದು ಕೈಯಾಡಿಸಿದಳು. ಅಪ್ಪನ ತಲೆಯ ಮೇಲಿಟ್ಟ ಇನ್ನೊಂದು ಕೈಯನ್ನು ತೆಗೆದಿರಲಿಲ್ಲ.

"ಇಷ್ಟು ದಿನ ನಾನು ಬೈದಿದ್ದು ಕಪ್ಪು ಕೂದ್ಲಿನ ಆ ಹುಡುಗನ್ನ ಕಣೋ" ಎಂದಳು. "ನಿನ್ನನ್ನಲ್ಲ."