ತಿರುವಿನಲ್ಲಿ ಗುದ್ದುತ್ತಿದ್ದ ಕಾರು

ಕಳೆದ ವಾರ ಹಾಸನದ ನಮ್ಮ ಮನೆಯ ನೀರೆತ್ತುವ ಮೋಟಾರ್ ಸುಟ್ಟುಹೋಯಿತು. ಅದನ್ನು ಹೊತ್ತುಕೊಂಡು ವೈಂಡಿಂಗ್ ಅಂಗಡಿಯೊಂದಕ್ಕೆ ಹೋದೆ. ಒಳಗೆ ಕಾಲಿಡುವಷ್ಟರಲ್ಲಿ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಹೊಸದಾಗಿ ಸುತ್ತಿದ ತಾಮ್ರದ ತಂತಿಗೆ ವಾರ್ನಿಷ್ ಹಾಕಿ ಒಣಗಿಸುವಾಗ ಬರುವ ಕಟುವಾದ ವಾಸನೆ. ಅಂಗಡಿಯವನು ಏನೋ ಕೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ನಾನಾಗಲೇ ತಿಪಟೂರಿನ ನಮ್ಮ ಹಳೆಯ ಬೀದಿಗೆ, ಪಕ್ಕದ ಮನೆಯ ಚಾಚಾ ಅವರ ಜಗುಲಿಗೆ ಹೋಗಿಬಿಟ್ಟಿದ್ದೆ...

ಚಾಚಾ ಆ ಜಗುಲಿಯನ್ನೇ ಅಂಗಡಿ ಮಾಡಿಕೊಂಡು ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ತೆಂಗಿನ ಸೀಮೆಯಲ್ಲಿ ಆ ಕೆಲಸಕ್ಕೆ ಬಿಡುವೆಂಬುದೇ ಇರಲಿಲ್ಲ. ಬೇಸಗೆ ಬಂತೆಂದರೆ ದಬ್ಬೇಘಟ್ಟ, ದಂಡಿನಶಿವರದ ಕಡೆಯಿಂದ ಸುಟ್ಟ ಮೋಟಾರ್‌ಗಳು ಟೆಂಪೋಗಳಲ್ಲಿ ಬಂದಿಳಿಯುತ್ತಿದ್ದವು. ಜೊತೆಗೆ ಬಂದವರು ಸಸಿಗಳು ಬಾಡುತ್ತಿವೆ ಎಂದು ಚಡಪಡಿಸಿದರೆ ಚಾಚಾ ತಲೆ ಎತ್ತದೆಯೇ "ಸರಿ ಹೋಯ್ತದೆ ಬುಡಿ" ಎನ್ನುತ್ತಿದ್ದರು. ಹೆಚ್ಚಿನ ಸಲ ಸರಿಹೋಗುತ್ತಲೂ ಇತ್ತು. ಕೆಟ್ಟದ್ದು ಯಾವುದೇ ಇರಲಿ, ಒಳಗೆ ಎಲ್ಲೋ ಒಂದು ಭಾಗ ಹೋಗಿರುತ್ತದೆ, ಅದನ್ನು ಹುಡುಕಿ ಬದಲಾಯಿಸಿದರೆ ಮತ್ತೆ ತಿರುಗುತ್ತದೆ ಎಂದು ಅವರು ಬಲವಾಗಿ ನಂಬಿದ್ದರು.

ನಾನು ಆಗ ತುಮಕೂರಿನಲ್ಲಿ ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಬಂದು ಊರಲ್ಲಿ ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದೆ. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ಚಾಚಾ ಅವರಿಗೆ ತಡವಾಗಿ ಹುಟ್ಟಿದ ಒಬ್ಬನೇ ಮಗ, ಹೈಸ್ಕೂಲಿನಲ್ಲಿದ್ದ. ಅವನ ಓದಿಗೆಂದು ಒಂದು ಕಂಪ್ಯೂಟರ್ ಬೇಕೆಂದರು. ಜೋಡಿಸಿಕೊಟ್ಟೆ. ಓದು ಎಷ್ಟು ನಡೆಯಿತೋ ಗೊತ್ತಿಲ್ಲ, ಹುಡುಗ ಕಾರ್ ರೇಸ್ ಆಟಕ್ಕೆ ಬಿದ್ದ. ಸಂಜೆ ಕೆಲಸ ಮುಗಿಸಿದ ಚಾಚಾ ಕೈ ಒರೆಸಿಕೊಳ್ಳುತ್ತ ಅವನ ಹಿಂದೆ ನಿಂತು ನೋಡುತ್ತಿದ್ದರು. ಕಾಂಪೌಂಡಿನ ಈಚೆ ನಮ್ಮ ಮನೆಯವರೆಗೂ ಆ ಕಾರಿನ ಸದ್ದು ಬರುತ್ತಿತ್ತು.

ಒಂದು ಸಂಜೆ ಚಾಚಾ ನನ್ನನ್ನು ಕರೆದರು. "ಇದ್ಯಾಕೋ ಸ್ಲೋ ಆಗೈತೆ ಕಣಪ್ಪಾ. ತಿರುವು ಬಂದ್ರೆ ಸಾಕು, ಕಾರು ಗೋಡೆಗೆ ಗುದ್ತೈತೆ. ಮೊದ್ಲು ಹಿಂಗಿರ್ಲಿಲ್ಲ."

ನೋಡಿದೆ. ಚಿತ್ರ ತಡೆತಡೆದು ಓಡುತ್ತಿದ್ದುದು ನಿಜ. ಅಂಥ ಆಟಕ್ಕೆ ಆ ಮಷೀನು ಸಾಲುತ್ತಿರಲಿಲ್ಲ. ರ‍್ಯಾಮ್ ಹೆಚ್ಚಿಸಿದೆ. ಆಟ ಬೇಗ ತೆರೆದುಕೊಂಡಿತು, ತಿರುವಿನಲ್ಲಿ ಕಾರು ಮಾತ್ರ ಮೊದಲಿನಂತೆಯೇ ಗುದ್ದಿತು. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತದೆ ಎಂದೆ, ತರಿಸಿದರು. ಅದನ್ನು ಹಾಕಿದ ದಿನ ಪರದೆ ನೋಡಿ ನನಗೇ ಆಶ್ಚರ್ಯವಾಯಿತು. ರಸ್ತೆ ನೀರು ಹರಿದ ಹಾಗೆ ಹರಿಯುತ್ತಿತ್ತು, ಎಲ್ಲೂ ತಡೆಯಿಲ್ಲ. ಚಾಚಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಹುಡುಗ ಆಡಿದ. ತಿರುವು ಬಂತು. ಕಾರು ಗೋಡೆಗೆ ಗುದ್ದಿತು.

ಆಗ ನಾನು ಪರದೆ ಬಿಟ್ಟು ಅವನ ಕೈ ನೋಡಿದೆ. ತಿರುವು ಕಣ್ಣಿಗೆ ಬಿದ್ದ ಮೇಲೆ ಬೆರಳು ಕೀಲಿಯ ಮೇಲೆ ಇಳಿಯಲು ಹೊತ್ತು ಹಿಡಿಯುತ್ತಿತ್ತು. ಇಳಿದರೂ ಪಕ್ಕದ ಕೀಲಿಯ ಮೇಲೆ ಬೀಳುತ್ತಿತ್ತು. ಅವನು ಗದರಿಸಿದ ಹಾಗೆ ಬೆರಳನ್ನು ಎಳೆದು ಸರಿಯಾದ ಜಾಗಕ್ಕೆ ತರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಮಷೀನು ತಡೆಯುತ್ತಿದ್ದಷ್ಟು ದಿನ ಇದು ಯಾರಿಗೂ ಕಂಡಿರಲಿಲ್ಲ. ಮಷೀನು ಸರಿಯಾದ ಮೇಲೆ ಮರೆಯೇ ಇಲ್ಲವಾಯಿತು.

ಹೊರಡುವಾಗ ಹುಡುಗ ನನ್ನನ್ನು ಬೀಳ್ಕೊಡುವವನಂತೆ ಗೇಟಿನವರೆಗೆ ಬಂದ. ಗೋಡೆಗೆ ಅಂಗೈ ಊರಿಕೊಂಡೇ ಮೆಟ್ಟಿಲಿಳಿದ.

"ಅಣ್ಣಾ, ನೀವು ನನ್ ಕೈ ನೋಡಿದ್ರಿ" ಎಂದ.

ಗೇಟಿನ ಚಿಲಕಕ್ಕೆ ಹಾಕಿದ್ದ ಕೈಯನ್ನು ಹಿಂದೆ ತೆಗೆದೆ.

"ಅಬ್ಬಾಗೆ ಹೇಳ್ಬೇಡಿ. ಲೋಟ ಹಿಡಿದ್ರೂ ತುಳುಕ್ತೈತೆ. ಬರೆಯಕ್ಕೂ ಆಗ್ತಿಲ್ಲ. ಪ್ರೊಸೆಸರ್ ಹೋಗೈತೆ ಅಂತ ಹೇಳಿ, ಸಾಕು."

ಆ ರಾತ್ರಿಯೆಲ್ಲ ಅದೇ ಯೋಚನೆ. ಅವನಿಗೆ ಆಗಿರುವುದಾದರೂ ಏನು? ನಾನೇನು ಡಾಕ್ಟರೇ? ಸುಮ್ಮನೆ ಅಶಕ್ತಿ ಇರಬಹುದು, ವಯಸ್ಸಿನ ಅಳುಕು ಇರಬಹುದು. ಇಲ್ಲದ್ದನ್ನು ಹೇಳಿ ಆ ಮನೆಗೆ ಬೆಂಕಿ ಇಟ್ಟಂತಾದರೆ? ಹೇಳದೆ ಕೂತು, ನಾಳೆ ಅದೇ ದೊಡ್ಡದಾದರೆ? ಅವರ ಮನೆಯಿಂದ ಏನಾದರೂ ಬಿದ್ದ ಸದ್ದು ಬಂದರೆ ಸಾಕು, ಎದ್ದು ಕಾಂಪೌಂಡಿನ ಬಳಿ ಹೋಗಿ ನಿಲ್ಲುತ್ತಿದ್ದೆ. ಚಾಚಾ ಎದುರಿಗೆ ಸಿಕ್ಕಾಗಲೆಲ್ಲ "ಇನ್ನೇನ್ ಹಾಕ್ಬೇಕು ಹೇಳು" ಎಂದು ಕೇಳುತ್ತಿದ್ದರು. ನೋಡಿ ಹೇಳುತ್ತೇನೆ ಎಂದು ಜಾರಿಕೊಳ್ಳುತ್ತಿದ್ದೆ.

ಕೊನೆಗೆ ತಡೆಯಲಾಗದೆ ಒಂದು ಬೆಳಗ್ಗೆ ಅವರ ಅಂಗಡಿಗೇ ಹೋದೆ. ಅವರು ಮೋಟಾರಿನೊಳಗೆ ತಂತಿ ಕೂರಿಸುತ್ತಿದ್ದರು.

"ಚಾಚಾ, ಇನ್ನು ಏನ್ ತಂದ್ ಹಾಕಿದ್ರೂ ದಂಡ. ಕಂಪ್ಯೂಟರ್ ಚೆನ್ನಾಗೈತೆ."

"ಹಂಗಾದ್ರೆ ಯಾಕ್ಲಾ ಗುದ್ತಾನೆ?"

ಗುದ್ದುತ್ತದೆ ಎನ್ನಲಿಲ್ಲ, ಗುದ್ದುತ್ತಾನೆ ಎಂದರು. ಅಂದದ್ದು ತಮ್ಮ ಕಿವಿಗೇ ಬಿದ್ದಂತೆ ಅವರ ಕೈ ನಿಂತಿತು. ಅವರು ತುಸು ಹೊತ್ತು ನನ್ನ ಮುಖ ನೋಡಿ, "ಪ್ರೊಸೆಸರ್ ಒಂದು ಉಳ್ಕಂಡೈತಲ್ಲ" ಎಂದು ಮತ್ತೆ ತಂತಿಯ ಕಡೆ ತಿರುಗಿದರು.

ಬೆಂಗಳೂರಿಗೆ ತಾವೇ ಹೋಗಿ ಪ್ರೊಸೆಸರನ್ನೂ ಹೊಸ ಬೋರ್ಡನ್ನೂ ತಂದರು. ಡಬ್ಬಿಗಳನ್ನು ನನ್ನ ಕೈಗಿಟ್ಟು "ಹಾಕು" ಎಂದರು, ಅಷ್ಟೇ. ನಾನು ಜೋಡಿಸುವಾಗ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದರು. ಒಂದೊಂದು ಸ್ಕ್ರೂ ಬಿಗಿ ಮಾಡುವಾಗಲೂ ಇದು ಮುಗಿಯದೇ ಇರಲಿ ಅನ್ನಿಸುತ್ತಿತ್ತು.

ಮುಗಿಯಿತು. ಹುಡುಗ ಕೂತ. ಆಡಿದ. ಗುದ್ದಿದ. ಇನ್ನೊಮ್ಮೆ ಆಡಿದ, ಗುದ್ದಿದ.

"ನೀನ್ ಏಳು ಮಗಾ" ಎಂದರು ಚಾಚಾ. ಆಮೇಲೆ ನನಗೆ, "ನೀನ್ ಕೂತ್ಕೊ. ಆಡು."

ನಾನು ಕೂತೆ. ಹುಡುಗ ಕುರ್ಚಿಯ ಬೆನ್ನು ಹಿಡಿದು ಹಿಂದೆ ನಿಂತ, ಅವನ ನಡುಕ ಕುರ್ಚಿಯ ಮೂಲಕ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಕಾರು ಹೊರಟಿತು. ಬೇಕಂತಲೇ ಗುದ್ದಿಬಿಡಲೇ? ಒಂದು ಕೀಲಿ ತಡವಾಗಿ ಒತ್ತಿದರೆ ಆಯಿತು. ಮಷೀನೇ ಸರಿಯಿಲ್ಲ ಅಂದುಕೊಳ್ಳುತ್ತಾರೆ, ಇನ್ನೊಂದು ಭಾಗ ತರುತ್ತಾರೆ, ಇನ್ನಷ್ಟು ದಿನ ಮನೆಯಲ್ಲಿ ನೆಮ್ಮದಿ ಇರುತ್ತದೆ... ಆದರೆ ಆ ಇನ್ನಷ್ಟು ದಿನದಲ್ಲಿ ಹುಡುಗ ಎಲ್ಲಿಗೆ ಬಂದು ನಿಲ್ಲುತ್ತಾನೆ? ತಿರುವು ಕಾಣಿಸಿತು. ಒತ್ತಿದೆ. ಕಾರು ಗೋಡೆಯನ್ನು ಸವರಿಕೊಂಡು ತಿರುಗಿ ನೇರ ರಸ್ತೆಗೆ ಬಂತು.

ಚಾಚಾ ಎದ್ದು ಮಗನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ತಂತಿ ಎಳೆದೆಳೆದು ಬಿರುಕುಬಿಟ್ಟ ಕೈಗಳು ಅವರವು. ಬೆರಳುಗಳನ್ನು ಒಂದೊಂದಾಗಿ ಮಡಿಚಿ, ಬಿಡಿಸಿ ನೋಡಿದರು.

"ಯಾವತ್ತಿಂದ ಮಗಾ?"

"ಭಾಳ ದಿನ ಆಯ್ತು ಅಬ್ಬಾ."

ಮಾರನೆಯ ದಿನ ಮೊದಲ ಬಸ್ಸಿಗೆ ಇಬ್ಬರೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊರಟರು. ಅದು ನರಗಳ ಕಾಯಿಲೆಯೆಂದೂ ನಿಧಾನವಾಗಿ ಏರುತ್ತದೆಂದೂ ಔಷಧಿಯಿಲ್ಲವೆಂದೂ ಗೊತ್ತಾಗಲು ಕೆಲವು ತಿಂಗಳು ಹಿಡಿಯಿತು. ಆ ತಿಂಗಳುಗಳಲ್ಲಿ ಚಾಚಾ "ಸರಿ ಹೋಯ್ತದೆ" ಎಂದದ್ದನ್ನು ನಾನು ಕೇಳಲಿಲ್ಲ. ಮೋಟಾರ್ ತಂದವರಿಗೂ "ನೋಡಾಣ" ಎನ್ನುತ್ತಿದ್ದರು.

ಕಂಪ್ಯೂಟರ್ ಮುಚ್ಚಿಟ್ಟರು ಅಂದುಕೊಂಡಿದ್ದೆ. ಒಂದು ಸಂಜೆ ಮತ್ತೆ ಕಾರಿನ ಸದ್ದು ಕೇಳಿತು. ತಡೆಯಲಾರದೆ ಹೋಗಿ ನೋಡಿದರೆ ಕೀಲಿಗಳ ಮುಂದೆ ಚಾಚಾ ಕೂತಿದ್ದರು, ಪಕ್ಕದಲ್ಲಿ ಹುಡುಗ. "ಎಡಕ್ಕೆ ಅಬ್ಬಾ! ಎಡಕ್ಕೆ! ಬ್ರೇಕು, ಬ್ರೇಕು!" ಎಂದು ಅವನು ಕೂಗುತ್ತಿದ್ದ. ಚಾಚಾ ಮೈಯನ್ನೆಲ್ಲ ಎಡಕ್ಕೆ ವಾಲಿಸಿ, ಬಲದ ಕೀಲಿ ಒತ್ತಿ, ಬೆಂಗಳೂರಿನಿಂದ ತಂದ ಹೊಸ ಪ್ರೊಸೆಸರಿನಲ್ಲಿ ಧಡಾರನೆ ಗೋಡೆಗೆ ಗುದ್ದಿದರು. ಹುಡುಗ ಬಿದ್ದು ಬಿದ್ದು ನಕ್ಕ. "ನನಗಿಂತ ನೀನೇ ಕಡೆ ಅಬ್ಬಾ!"

"ಆಗ್ಲೇಳು, ಕಲೀತೀನಿ" ಎಂದರು ಚಾಚಾ.

ಕಲಿತರು ಕೂಡ. ನಾನು ಹಾಸನಕ್ಕೆ ಬಂದು ಅಂಗಡಿ ಇಟ್ಟ ಮೇಲೂ ಊರಿಗೆ ಹೋದಾಗಲೆಲ್ಲ ಸಂಜೆ ಅವರಿಬ್ಬರ ದನಿ ಕೇಳುತ್ತಿತ್ತು. ಹುಡುಗನ ನಾಲಿಗೆ ತೊದಲತೊಡಗಿತು, ಅವನು ಏನು ಕೂಗಿದನೆಂದು ನನಗೆ ತಿಳಿಯುತ್ತಿರಲಿಲ್ಲ. ಚಾಚಾಗೆ ತಿಳಿಯುತ್ತಿತ್ತು. ಕಾರು ಸರಿಯಾದ ಕಡೆಗೇ ತಿರುಗುತ್ತಿತ್ತು.

ಹುಡುಗ ಹೋಗಿ ಎಷ್ಟೋ ವರ್ಷವಾಯಿತು. ಇಪ್ಪತ್ತೈದು ತುಂಬಿರಲಿಲ್ಲ. ಚಾಚಾ ಹೋದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಚಾಚಿ ಅರಸೀಕೆರೆಯ ತಮ್ಮನ ಮನೆಯಲ್ಲಿದ್ದಾರಂತೆ. ಅಂದು ತಮ್ಮ ಅಂಗಡಿಯಲ್ಲಿ ಪ್ರೊಸೆಸರ್ ತಂದು ಹಾಕುವೆನೆಂದು ಚಾಚಾ ಹಟ ಹಿಡಿದದ್ದು ಮಗನ ಸ್ಥಿತಿ ಗೊತ್ತಿಲ್ಲದೆಯೋ, ಗೊತ್ತಾಗಿ ಹೆದರಿಯೋ... ಒಮ್ಮೆ ಕೇಳಬೇಕೆಂದಿದ್ದೆ. ಕೇಳಲು ಈಗ ಅವರಿಲ್ಲ.

ಈಗಲೂ ನನ್ನ ಅಂಗಡಿಗೆ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಗೇಮ್ ಸ್ಲೋ ಆಗಿದೆ, ಇನ್ನೂ ಒಳ್ಳೆಯ ಕಾರ್ಡ್ ಹಾಕಿದರೆ ಚೆನ್ನಾಗಿ ಓಡುತ್ತದಾ ಎಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲು ನಾನು ಆ ಮಗುವಿನ ಕೈಗೆ ಮೌಸ್ ಕೊಟ್ಟು ಒಂದಿಷ್ಟು ಹೊತ್ತು ಆಡಿಸಿ ನೋಡುತ್ತೇನೆ. ಬೆರಳುಗಳು ಚುರುಕಾಗಿ ಓಡುತ್ತವೆ. ಇಷ್ಟು ವರ್ಷದಲ್ಲಿ ಪ್ರತಿ ಸಲವೂ ಹಾಗೆಯೇ ಓಡಿವೆ. ಆಮೇಲೆಯೇ ನಾನು ಕಾರ್ಡಿನ ಮಾತು ತೆಗೆಯುವುದು.