ಉಪ್ಪು ಹಾಕುವ ಮೊದಲೇ ತೆಗೆದಿಟ್ಟ ಸಾರು

ನೀಲವ್ವ, ಆವತ್ತು ನೀನು ಗುಳಿಗೆ ಹೆಚ್ಚು ನುಂಗಿರಲಿಲ್ಲ. ನಿನ್ನ ಊಟದಿಂದ ಉಪ್ಪು ತೆಗೆದವಳು ನಾನು, ನಿನ್ನ ಅತ್ತೆ. ಆರು ವರ್ಷ ಇದನ್ನು ಬಚ್ಚಿಟ್ಟುಕೊಂಡು ನಿನ್ನೆದುರೇ ಕೂತು ಉಂಡೆ. ಈಗ ಸಾಕಾಗಿದೆ.

ಮದುವೆಯಾದ ಎರಡನೇ ವರ್ಷ ನಿನಗೆ ಆ ರೋಗ ಬಂತು. ಹತ್ತು ದಿನ ನಿದ್ದೆಯಿಲ್ಲದೆ ಮಾತು, ನಗು, ಓಡಾಟ; ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ. ಗೋಕಾಕದ ಡಾಕ್ಟರು ಲಿಥಿಯಂ ಗುಳಿಗೆ ಕೊಟ್ಟರು. ಅದರಿಂದಲೇ ನೀನು ತಹಬಂದಿಗೆ ಬಂದೆ. ಅಡುಗೆ ಮಾಡುವವಳು ನಾನೆಂದು ಅವರು ನನಗೇ ಹೇಳಿದ್ದರು: "ಅವ್ವಾರ, ಈ ಗುಳಿಗಿ ತಗೊಳ್ಳೋರಿಗೆ ಉಪ್ಪು, ನೀರು ಕಡಿಮಿ ಮಾಡಬ್ಯಾಡ್ರಿ. ರಕ್ತದಾಗ ಔಷಧ ಏರತೈತಿ. ಮೈಕೈ ನೋವಿನ ಗುಳಿಗೀನೂ ನನ್ನ ಕೇಳದ ಕೊಡಬ್ಯಾಡ್ರಿ." ಹೂಂ ಅಂದಿದ್ದೆ.

ನೀನು ದಪ್ಪಗಾದೆ. ಕೈ ಸಣ್ಣಗೆ ನಡುಗುತ್ತಿತ್ತು, ಸದಾ ನೀರಡಿಕೆ. ಬಾಜೂ ಮನೆಯ ಕಾಶವ್ವ ಕಟ್ಟೆಯ ಮೇಲೆ ಎಲ್ಲರೆದುರು ಕೇಳಿದಳು: "ಏನ ಗಂಗವ್ವ, ಸೊಸಿಗೆ ಏನ ಉಣಸಾಕತ್ತೀ? ಬಾಗಲಾ ಅಗಲ ಮಾಡಸಬೇಕಾಗತೈತಿ ನೋಡು. ಉಪ್ಪು ಬಿಡಸು, ಬಾವು ಇಳೀತೈತಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನಿನ್ನನ್ನು ನೋಡಿದೆ — ನಾಚಿಕೆಯಾಯಿತು.

ಮರುದಿನದಿಂದ ಸಾರಿಗೆ ಉಪ್ಪು ಹಾಕುವ ಮೊದಲೇ ನಿನ್ನ ಪಾಲು ಬೇರೆ ತೆಗೆದೆ. ಉಪ್ಪಿನಕಾಯಿ ಭರಣಿ ಅಟ್ಟಕ್ಕೇರಿಸಿದೆ. ನೀರಿನ ತಂಬಿಗೆ ಮುಟ್ಟಿದರೆ ಗದರಿಸಿದೆ. ಕಡು ಬೇಸಿಗೆ ಬೇರೆ.

"ಅತ್ತಿ, ಸಾರು ಸಪ್ಪಗೈತ್ರಿ," ಅಂದೆ ನೀನು.

"ಸಾರಿಗೇನಾಗಿಲ್ಲ. ಗುಳಿಗಿ ತಿಂದು ನಿನ್ನ ನಾಲಿಗಿ ಕೆಟ್ಟೈತಿ," ಅಂದೆ ನಾನು. ನೀನು ನಂಬಿದೆ.

ಎರಡು ವಾರಕ್ಕೆ ವಾಂತಿ, ಭೇದಿ. ರೊಟ್ಟಿ ಬಡಿಯಲಾಗದಷ್ಟು ಕೈ ನಡುಕ. ನಡೆದರೆ ಜೋಲಿ, ಮಾತು ತೊದಲು. ನನ್ನ ಮಗ ಈರಣ್ಣ ನಿನ್ನನ್ನು ಎತ್ತಿಕೊಂಡೇ ಗೋಕಾಕದ ದವಾಖಾನೆಗೆ ಒಯ್ದ. ರಕ್ತದಲ್ಲಿ ಔಷಧ ಮಿತಿಮೀರಿತ್ತು. ಡಾಕ್ಟರು ನನ್ನನ್ನೇ ಕೇಳಿದರು: "ಉಪ್ಪು, ನೀರು ಏನರ ಕಡಿಮಿ ಮಾಡಿದ್ರೇನವ್ವಾ?"

ಹೇಳಬಹುದಿತ್ತು. ಮಗ ಪಕ್ಕದಲ್ಲೇ ನಿಂತಿದ್ದ —

"ಇಲ್ರಿ. ಅಕೀನ ಗುಳಿಗಿ ಹೆಚ್ಚಿಗಿ ನುಂಗಿರಬೇಕು," ಅಂದೆ ನಾನು.

ಸಲಾಯಿನ್ ಹಚ್ಚಿದರು, ನೀನು ಉಳಿದೆ. ನನ್ನ ಮಾತೂ ಉಳಿಯಿತು. ಸಾಯಲು ಹೋಗಿದ್ದಳು ಎಂದು ಹುಕ್ಕೇರಿಯ ನಿನ್ನ ತವರಿನವರೂ ನಂಬಿದರು. ಅಂದಿನಿಂದ ಈರಣ್ಣ ಗುಳಿಗೆಯನ್ನು ಕೀಲಿ ಹಾಕಿಡುತ್ತಾನೆ. ನುಂಗಿದ ಮೇಲೆ ನಿನ್ನ ಬಾಯಿ ತೆರೆಸಿ ನೋಡುತ್ತಾನೆ, ಸಣ್ಣ ಕೂಸಿನದನ್ನು ನೋಡಿದ ಹಾಗೆ. ಒಬ್ಬಳನ್ನೇ ಬಾವಿಯ ಕಡೆಗೂ ಬಿಡುವುದಿಲ್ಲ. ಇದೆಲ್ಲ ನಾನು ಕಣ್ಣಾರೆ ಕಂಡದ್ದು.

ಇದಕ್ಕಿಂತ ಕೆಟ್ಟದ್ದು ಹೋದ ವಾರ ನೀನು ಕೇಳಿದ ಮಾತು: "ಅತ್ತಿ, ಖರೇನ ನಾ ಸಾಯಬೇಕಂತ ನುಂಗಿದ್ದೆನೇನ್ರಿ? ನನಗ ನೆನಪ ಆಗವಲ್ದು." ನೆನಪಾಗಲು ಅದು ನಡೆದಿದ್ದರೆ ತಾನೆ — ನಾನು ಎದ್ದು ದನಕ್ಕೆ ನೀರು ಕುಡಿಸಲು ಹೋದೆ.

ಸೋಮವಾರ ನಿನ್ನ ರಕ್ತ ತಪಾಸಣೆಗೆ ನಾನೂ ಬರುತ್ತೇನೆ. ಡಾಕ್ಟರ ಮುಂದೆ, ಈರಣ್ಣನ ಮುಂದೆ ಎಲ್ಲ ಹೇಳುತ್ತೇನೆ. ಅವನು ಏನಂದರೂ ಅನ್ನಿಸಿಕೊಳ್ಳುತ್ತೇನೆ. ಆಮೇಲೆ ನನ್ನ ಕೈಯ ಅಡುಗೆ ನಿನಗೆ ಬೇಡವಾದರೆ, ಉಣ್ಣಬೇಡ.