ಕಬ್ಬು ಕಚ್ಚಿದ ಚಾಂಪಿಯನ್

ಟೆನಿಸ್ ಗೆದ್ದವನೊಬ್ಬ ಕಪ್ಪನ್ನು ಎತ್ತಿ ಹಿಡಿದು ಅದರ ಅಂಚಿಗೆ ಮುತ್ತಿಡುವಷ್ಟರಲ್ಲಿ, ಈತ ಸಾರ್ವಕಾಲಿಕ ಶ್ರೇಷ್ಠ ಹೌದೋ ಅಲ್ಲವೋ ಎಂಬ ಚರ್ಚೆ ಜಗತ್ತಿನಾದ್ಯಂತ ಶುರುವಾಗಿರುತ್ತದೆ. ಆತನಿಗೆ ಬೆವರು ಒರೆಸಿಕೊಳ್ಳಲೂ ಪುರುಸೊತ್ತು ಕೊಡದ ನಾವು, ಇನ್ನೂ ಹುಟ್ಟದ ಆಟಗಾರರನ್ನೂ ಸೇರಿಸಿಕೊಂಡು ಸರ್ವಕಾಲಕ್ಕೂ ಸಲ್ಲುವ ತೀರ್ಪು ಕೊಟ್ಟುಬಿಡುತ್ತೇವೆ. ನೀವೂ ಕೊಟ್ಟಿರುತ್ತೀರಿ, ಸಂಕೋಚ ಬೇಡ. ರ‍್ಯಾಕೆಟ್ ಹಿಡಿದರೆ ಭುಜ ಹಿಡಿದುಕೊಳ್ಳುವ ನಾನಂತೂ ಈ ವಿಷಯದಲ್ಲಿ ಮಹಾ ನ್ಯಾಯಾಧೀಶ.

ಆದರೆ ಮೊನ್ನೆಯ ಫೈನಲ್ ಮುಗಿದಾಗ ತಮಿಳುನಾಡಿನ ತೇವಾರಂ ಊರಲ್ಲಿ, ನಮ್ಮ ಅಣ್ಣನ ಮನೆಯಲ್ಲಿ ನಡೆದ ವಾದ ಅಂತಿಂಥದ್ದಲ್ಲ. ದಿಂಡಿಗಲ್‌ನಿಂದ ನನಗೆ ಊರಿಗೆ ವರ್ಗವಾದಾಗಿನಿಂದ ಮಗಳು ಭುವನಾಳಿಗೆ ಆಡಲು ಕೋರ್ಟಿಲ್ಲ. ಮುಂದಿನ ತಿಂಗಳು ಜಿಲ್ಲಾ ಪಂದ್ಯ. ಊರಿಗೆಲ್ಲ ಚೆಂಡು ಪುಟಿಯುವಂಥ ಸಮತಟ್ಟಾದ ಜಾಗವೆಂದರೆ ಅಣ್ಣ ಕಡಲೆಕಾಯಿ ಒಣಗಿಸುವ ಸಿಮೆಂಟಿನ ಕಣ. ಅವಳು ಕೇಳಿ ಕೇಳಿ ಸಾಕಾಗಿದ್ದಳು, ಅಣ್ಣ ಜಗ್ಗಿರಲಿಲ್ಲ. ಮೇಲಾಗಿ ಆತ ನಿವೃತ್ತನಾದ ಹಳೆಯ ಚಾಂಪಿಯನ್ನನ ಪರಮಭಕ್ತ, ಇವಳು ಮೊನ್ನೆ ಗೆದ್ದ ಹೊಸಬನ ಪಕ್ಷ. ಕಣಕ್ಕಾಗಿ ಕಣಕ್ಕಿಳಿಯುವುದೆಂದರೆ ಇದೇ ನೋಡಿ.

ಕೊನೆಯ ಹೊಡೆತ ಗೆರೆಗೆ ಮುತ್ತಿಕ್ಕಿ ಹೋದದ್ದೇ ತಡ, ಭುವನಾ ಸೋಫಾದ ಮೇಲೆ ಹತ್ತಿ, “ಪೆರಿಯಪ್ಪಾ, ಇವನ್‌ದಾನ್ ಟಾಪ್!” ಎಂದು ತಮಿಳಿನಲ್ಲಿ ಕಿರುಚಿದಳು. ನಮ್ಮ ಮನೆಮಾತಾದ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

ಅಣ್ಣನಿಗೆ ರೇಗಿತು. “ತಮಿಳ್ನಾಗೆ ಕೂಗಿದ್ರೆ ಆಗಾದಿಲ್ಲ ಕಣಮ್ಮ. ನಮ್ ಮಾತ್ನಾಗೆ ಹೇಳಿ ನನ್ನ ಒಪ್ಪಿಸು. ಒಪ್ಪಿಸ್ದೆ ಅಂದ್ರೆ ಕಣ ನಿಂದೇ, ಕಡ್ಲೆಕಾಯ ಮಾಳ್ಗೆ ಮ್ಯಾಲೆ ಒಣಗಾಕ್ತೀನಿ.”

ನನ್ನ ಎದೆ ಡವಡವ ಎನ್ನತೊಡಗಿತು. ಫೈನಲ್‌ನ ಐದನೆಯ ಸೆಟ್ಟಿನಲ್ಲೂ ಹೀಗೆ ಹೊಡೆದುಕೊಂಡಿರಲಿಲ್ಲ. ಭುವನಾ ತಡವರಿಸಿದಳು. “ಅವ... ಎಲ್ರಿಗಿಂತ... ದೊಡ್ಡವ.”

“ದೊಡ್ಡವನಾ?” ಅಣ್ಣ ತೊಡೆ ತಟ್ಟಿ ನಕ್ಕ. “ಮೀಸೆ ನೆಟ್ಟಗೆ ಬಂದಿಲ್ಲ ಅವ್ನಿಗೆ! ಮುಂಚೆ ಹುಟ್ದವ ನನ್ನವ, ಅವನೇ ದೊಡ್ಡವ. ಮುಗೀತು.”

ನಮ್ಮ ಮನೆಯಲ್ಲಿ ದೊಡ್ಡವನೆಂದರೆ ಹಿರಿಯ. ಹಿರಿಮೆ ಹೆಚ್ಚಿಸಿಕೊಳ್ಳಬಹುದು, ವಯಸ್ಸನ್ನು ಹಿಂದಿಕ್ಕುವುದು ಹೇಗೆ? ಪುಸ್ತಕದ ಕನ್ನಡ ಕಲಿತ ಏಕೈಕ ಪಂಡಿತನಾದ ನಾನು ಮಗಳ ನೆರವಿಗೆ ಧಾವಿಸಿ, “ಸಾರ್ವಕಾಲಿಕ ಶ್ರೇಷ್ಠ” ಎಂದು ಗಂಭೀರವಾಗಿ ಉಚ್ಚರಿಸಿದೆ.

“ಅದ್ಯಾವ ಔಷಧೀನ್ಲಾ?” ಎಂದ ಅಣ್ಣ.

ಭುವನಾಳ ಮುಖ ಕೆಂಪೇರಿತ್ತು. ಇನ್ನೇನು ಅತ್ತೇ ಬಿಡುತ್ತಾಳೆ ಎನ್ನುವಾಗ, “ದೊಡ್ಡಪ್ಪಾ,” ಎಂದಳು. ಹುಟ್ಟಿದಾಗಿನಿಂದ ಪೆರಿಯಪ್ಪ ಎಂದೇ ಕರೆದವಳು! “ಕಂಬಂ ಊರ್ನಾಗೆ ನಮ್ ದೇವ್ರ ದನದ ಮಂದೇಲಿ ಪಟ್ಟದ ಹೋರಿ ಸತ್ತೋಯ್ತಂದ್ರೆ, ಮಿಕ್ಕ ಹೋರಿಗಳ ಮುಂದೆ ಕಬ್ಬು ಹಿಡೀತಾರಲ್ವಾ? ತಾನಾಗೇ ಬಂದು ಕಚ್ಚಿದ್ದಕ್ಕೇ ಪಟ್ಟ. ಹಳೇದು ಇದ್ಕಿಂತ ಮೇಲಾ ಅಂತ ಯಾರಾನ ಅಳೀತಾರಾ? ಈವತ್ತು ಇವ ಕಬ್ಬು ಕಚ್ಚವ್ನೆ. ನಿಮ್ಮವನ ಪಟ್ಟ ಯಾರೂ ಕಿತ್ಕೊಂಡಿಲ್ಲ, ದೊಡ್ಡಪ್ಪಾ.”

ಇಷ್ಟುದ್ದ ಕನ್ನಡ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು, ಅದೂ ಒಂದೂ ತಪ್ಪಿಲ್ಲದೆ. ಅಂಕಿಅಂಶಗಳ ರಾಶಿ ಒಟ್ಟಿ, ಹುಲ್ಲು, ಮಣ್ಣು, ಸಿಮೆಂಟು ಎಂದು ಅಂಕಣಗಳನ್ನು ವಿಂಗಡಿಸಿ, ಎರಡು ಕಾಲದವರನ್ನು ತಕ್ಕಡಿಗೆ ಹಾಕಿ ತೂಗುವ ನನ್ನ ಘನ ಪಾಂಡಿತ್ಯವೆಲ್ಲ ಸುಮ್ಮನೆ ದಂಡವೆನಿಸಿತು. ಪಟ್ಟಕ್ಕೆ ಬಂದವನನ್ನು ಕಣ್ತುಂಬ ನೋಡಿ ಕುಣಿಯುವುದು ಬಿಟ್ಟು ಪಟ್ಟು ಹಿಡಿದು ಕೂತಿದ್ದೆವಲ್ಲ ಎಂದು ನಗುವೂ ಬಂತು.

ಅಣ್ಣ ಟೀವಿಯನ್ನು ನೋಡಿದ, ಭುವನಾಳನ್ನು ನೋಡಿದ, ಗಂಟಲು ಸರಿಮಾಡಿಕೊಂಡ. “ಯಾವನು ದೊಡ್ಡವ ಅಂತ ಆಮೇಲೆ ನೋಡಾಣ. ಮೊದ್ಲು ಪೊರಕೆ ತತ್ತಾ.”

ಬಿಸಿಲು ಇಳಿಯುವ ಮೊದಲೇ ಕಡಲೆಕಾಯಿ ಮಾಳಿಗೆ ಹತ್ತಿತ್ತು, ಕಣದ ನಡುವೆ ಬಟ್ಟೆ ಒಣಗಿಸುವ ಹಗ್ಗ ಬಂದಿತ್ತು, ಅದರ ಮೇಲೆ ಅತ್ತಿಗೆಯ ಹಳೇ ಸೀರೆ. ಅಣ್ಣ ಪಂಚೆ ಎತ್ತಿ ಕಟ್ಟಿ, ನನ್ನ ರ‍್ಯಾಕೆಟ್ ಕಸಿದುಕೊಂಡು, ತನ್ನ ಆರಾಧ್ಯದೈವದ ಭಂಗಿಯಲ್ಲೇ ಚೆಂಡನ್ನು ಮೇಲಕ್ಕೆಸೆದು ಬೀಸಿದ. ಅದು ಸೀದಾ ಸೀರೆಯ ಸೆರಗಿಗೆ ಬಿತ್ತು.

“ಇದು ಲೆಕ್ಕಕ್ಕಿಲ್ಲ,” ಎಂದ.

“ಲೆಕ್ಕಕ್ಕೈತೆ, ದೊಡ್ಡಪ್ಪಾ!”